ಊಟದ ಮೇಜಿನ ಮೇಲೆ ಸಿಕ್ಕ ಸುಳಿವು

1972ನೇ ಇಸವಿ. ಅಮೆರಿಕದ ಶಿಕಾಗೊ ನಗರದ ಒಂದು ಮನೆ. ಊಟದ ಮೇಜಿನ ಮೇಲೆ ತಟ್ಟೆ, ಲೋಟಗಳಿಲ್ಲ, ಫೋಟೊಗಳು ಹರಡಿಕೊಂಡಿವೆ. ಆ ಮನೆಯ ಅಮ್ಮ ಕತ್ತರಿ ಹಿಡಿದು, ಫೋಟೊಗಳಲ್ಲಿರುವ ಸಣ್ಣ ಹುಳುಗಳಂಥ ಆಕಾರಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದಾರೆ. ಕತ್ತರಿಸಿದ್ದನ್ನು ಜೋಡಿ ಮಾಡಿ ಸಾಲಾಗಿ ಇಡುತ್ತಿದ್ದಾರೆ. ಮಕ್ಕಳಿಗೆ ನಗು. ಈ ವಯಸ್ಸಿನಲ್ಲಿ ಅಮ್ಮ ಕಾಗದದ ಗೊಂಬೆ ಆಟ ಆಡುತ್ತಿದ್ದಾಳೆ ಎಂದು ಅವರು ತಮಾಷೆ ಮಾಡುತ್ತಿದ್ದರು.

ಆ ಅಮ್ಮನ ಹೆಸರು ಜಾನೆಟ್ ರೌಲಿ. ಅವರು ವೈದ್ಯೆ. ಕತ್ತರಿಸುತ್ತಿದ್ದುದು ರಕ್ತದ ಕ್ಯಾನ್ಸರ್ ಇದ್ದವರ ಜೀವಕೋಶಗಳ ಫೋಟೊಗಳನ್ನು. ಆ ಮೇಜಿನ ಮೇಲೆ ಸಿಕ್ಕ ಸುಳಿವು ಮುಂದೆ ಒಂದು ಮಾತ್ರೆಯಾಗಿ ಸಾವಿರಾರು ಜನರ ಪ್ರಾಣ ಉಳಿಸಿತು.

ಮಕ್ಕಳೇ, ಈ ಕಥೆಯನ್ನು ಅಜ್ಜ ಅಜ್ಜಿಯ ಪಕ್ಕದಲ್ಲಿ ಕುಳಿತು ಓದಿ. ಕ್ಯಾನ್ಸರ್ ಎಂಬ ಹೆಸರು ಕೇಳಿದರೆ ಮನೆಯಲ್ಲಿ ದೊಡ್ಡವರು ದನಿ ತಗ್ಗಿಸುತ್ತಾರೆ, ಅಲ್ಲವೇ? ಅದು ಏನೆಂದು ಸ್ವಲ್ಪವಾದರೂ ತಿಳಿದರೆ ಭಯವೂ ಸ್ವಲ್ಪ ಕಡಿಮೆಯಾಗುತ್ತದೆ.

ಜೀವಕೋಶದೊಳಗಿನ 46 ಸಂಪುಟಗಳು

ನಮ್ಮ ದೇಹ ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ಅವುಗಳಲ್ಲಿ ಬಹುತೇಕ ಎಲ್ಲದರಲ್ಲೂ ಒಂದು ಚಿಕ್ಕ ಪುಸ್ತಕ ಭಂಡಾರವಿದೆ. ಯಾವಾಗ ಬೆಳೆಯಬೇಕು, ಯಾವಾಗ ಎರಡಾಗಬೇಕು, ಯಾವಾಗ ಸುಮ್ಮನಿರಬೇಕು ಎಂಬ ಸೂಚನೆಗಳೆಲ್ಲ ಅಲ್ಲಿ ಡಿ.ಎನ್.ಎ ಎಂಬ ಎಳೆಯ ರೂಪದಲ್ಲಿ ಬರೆದಿವೆ. ಒಂದೇ ಒಂದು ಕೋಶದ ಎಳೆಯನ್ನು ಬಿಡಿಸಿ ಉದ್ದಕ್ಕೆ ಹಿಡಿದರೆ ಸುಮಾರು 2 ಮೀಟರ್ ಆಗುತ್ತದೆ!

ಅಷ್ಟು ಉದ್ದದ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶದೊಳಗೆ ಹೇಗೆ ಹಿಡಿಸುತ್ತದೆ? ನೂಲಿನ ಉಂಡೆಯಂತೆ ಸುತ್ತಿಕೊಂಡು. ಹೀಗೆ ಸುತ್ತಿಕೊಂಡ ಉಂಡೆಗಳೇ ವರ್ಣತಂತುಗಳು. ಇಂಗ್ಲಿಷಿನಲ್ಲಿ ಕ್ರೋಮೋಸೋಮ್ ಎನ್ನುತ್ತಾರೆ. ಬಣ್ಣ ಹಾಕಿದಾಗ ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುವುದರಿಂದ ಆ ಹೆಸರು. ಮನುಷ್ಯರಲ್ಲಿ ಇವು 46. ಅಮ್ಮನಿಂದ 23, ಅಪ್ಪನಿಂದ 23. ಗುರುತಿಗೆಂದು ವಿಜ್ಞಾನಿಗಳು ಇವುಗಳ 22 ಜೋಡಿಗಳಿಗೆ 1ರಿಂದ 22ರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಉಳಿದ ಒಂದು ಜೋಡಿ ನಾವು ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವ ಎಕ್ಸ್ ಮತ್ತು ವೈ.

ಒಂದು ತಮಾಷೆಯ ಸಂಗತಿ ಕೇಳಿ. ಬಹಳ ಕಾಲ ವಿಜ್ಞಾನಿಗಳೂ ಈ ಎಣಿಕೆಯಲ್ಲಿ ತಪ್ಪಿದ್ದರು. ಪಠ್ಯಪುಸ್ತಕಗಳಲ್ಲಿ 48 ಎಂದೇ ಇರುತ್ತಿತ್ತು. ಸರಿಯಾಗಿ ಎಣಿಸಿ 46 ಎಂದು ತೋರಿಸಿದವರು ಜೋ ಹಿನ್ ಟಿಯೊ ಮತ್ತು ಆಲ್ಬರ್ಟ್ ಲೆವಾನ್, ಸ್ವೀಡನ್ನಿನ ಲುಂಡ್‌ನಲ್ಲಿ, 1956ರಲ್ಲಿ. ಅಂದರೆ ಇದನ್ನು ಓದುತ್ತಿರುವ ಎಷ್ಟೋ ಅಜ್ಜಂದಿರು ಹುಟ್ಟಿದಾಗ ಮನುಷ್ಯನಿಗೆ ಎಷ್ಟು ವರ್ಣತಂತುಗಳಿವೆ ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ!

ನೋಡದೆಯೇ ಊಹಿಸಿದವರು

ಜರ್ಮನಿಯ ಥಿಯೊಡೋರ್ ಬೊವೆರಿ ಎಂಬ ವಿಜ್ಞಾನಿ ಕಡಲಿನ ಒಂದು ಪುಟ್ಟ ಪ್ರಾಣಿಯ ಮೊಟ್ಟೆಗಳನ್ನು ಅಭ್ಯಾಸ ಮಾಡುತ್ತಿದ್ದರು. ಸೀ ಅರ್ಚಿನ್ ಅದರ ಹೆಸರು. ನೋಡಲು ಮುಳ್ಳಿನ ಚೆಂಡಿನಂತೆ. ವರ್ಣತಂತುಗಳು ಸಮನಾಗಿ ಹಂಚಿಕೆಯಾಗದೆ ಹೆಚ್ಚುಕಡಿಮೆಯಾದರೆ ಆ ಮರಿಗಳು ಸರಿಯಾಗಿ ಬೆಳೆಯುವುದಿಲ್ಲ ಎಂದು ಅವರು ಕಂಡರು. ಕ್ಯಾನ್ಸರ್ ಕೂಡ ಹೀಗೆಯೇ, ವರ್ಣತಂತುಗಳು ಕೆಟ್ಟ ಒಂದೇ ಒಂದು ಕೋಶದಿಂದ ಶುರುವಾಗುತ್ತಿರಬಹುದು ಎಂದು 1914ರಲ್ಲಿ ಪುಸ್ತಕ ಬರೆದರು. ಮರುವರ್ಷವೇ ತೀರಿಕೊಂಡರು.

ಊಹೆ ಚೆನ್ನಾಗಿತ್ತು. ಆದರೆ ಮನುಷ್ಯರ ವರ್ಣತಂತುಗಳನ್ನು ಬಿಡಿಬಿಡಿಯಾಗಿ ನೋಡುವ ವಿಧಾನವೇ ಆಗ ಇರಲಿಲ್ಲ. ಸಾಕ್ಷಿ ಸಿಗಲು ಸುಮಾರು ಅರ್ಧ ಶತಮಾನ ಬೇಕಾಯಿತು.

ನಲ್ಲಿ ನೀರು ಮಾಡಿದ ಉಪಕಾರ

1950ರ ದಶಕದ ಕೊನೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪೀಟರ್ ನೋವೆಲ್ ಎಂಬ ಯುವ ವೈದ್ಯರು ರಕ್ತದ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುತ್ತಿದ್ದರು. ಒಂದು ಸಲ ಬಣ್ಣ ಹಾಕುವ ಮುನ್ನ ಗಾಜಿನ ಪಟ್ಟಿಯ ಮೇಲಿನ ಕೋಶಗಳನ್ನು ಮಾಮೂಲಿ ನಲ್ಲಿ ನೀರಿನಲ್ಲಿ ತೊಳೆದುಬಿಟ್ಟರು. ನೀರು ಹೀರಿದ ಕೋಶಗಳು ನೆನೆಹಾಕಿದ ಕಡಲೆಯಂತೆ ಊದಿಕೊಂಡವು. ಒಳಗೆ ಒಂದರ ಮೇಲೊಂದು ಬಿದ್ದಿದ್ದ ವರ್ಣತಂತುಗಳು ದೂರದೂರ ಸರಿದು ಸ್ಪಷ್ಟವಾಗಿ ಕಂಡವು!

ನೋವೆಲ್ ಅವರಿಗೆ ವರ್ಣತಂತುಗಳ ಬಗ್ಗೆ ಹೆಚ್ಚು ತಿಳಿದಿರಲಿಲ್ಲ. ತಿಳಿದವರನ್ನು ಹುಡುಕಿದರು. ಸಿಕ್ಕವರು ಅದೇ ಊರಿನ ಡೇವಿಡ್ ಹಂಗರ್‌ಫೋರ್ಡ್ ಎಂಬ ಸಂಶೋಧನಾ ವಿದ್ಯಾರ್ಥಿ. ಇಬ್ಬರೂ ಸೇರಿ ಸಿ.ಎಂ.ಎಲ್. ಎಂಬ ರಕ್ತದ ಕ್ಯಾನ್ಸರ್ ಇದ್ದವರ ಕೋಶಗಳನ್ನು ನೋಡಿದರು. ಹಂಗರ್‌ಫೋರ್ಡ್ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಒಂದು ವರ್ಣತಂತು ಇರಬೇಕಾದ್ದಕ್ಕಿಂತ ತೀರಾ ಗಿಡ್ಡಾಗಿತ್ತು. ಇನ್ನೊಬ್ಬ ರೋಗಿಯಲ್ಲೂ ಅದೇ. ಮತ್ತೊಬ್ಬರಲ್ಲೂ ಅದೇ. 1960ರಲ್ಲಿ ಅವರು 7 ರೋಗಿಗಳ ವಿವರ ಪ್ರಕಟಿಸಿದರು. ಊರಿನ ಹೆಸರೇ ಅದಕ್ಕೆ ಬಂತು: ಫಿಲಡೆಲ್ಫಿಯಾ ವರ್ಣತಂತು.

ಕ್ಯಾನ್ಸರ್ ಜೊತೆ ತಪ್ಪದೆ ಕಾಣಿಸಿಕೊಳ್ಳುವ ವರ್ಣತಂತು ದೋಷ ಜಗತ್ತಿಗೆ ಗೊತ್ತಾದದ್ದು ಇದೇ ಮೊದಲು. ಆದರೂ ಬಹಳ ಜನ ಒಪ್ಪಲಿಲ್ಲ. ಮನೆ ಬಿದ್ದಮೇಲೆ ಹೆಂಚು ಒಡೆದಿರುತ್ತದೆ. ಹೆಂಚು ಒಡೆದದ್ದರಿಂದ ಮನೆ ಬಿತ್ತು ಎನ್ನಲು ಆಗುತ್ತದೆಯೇ ಎಂಬ ರೀತಿಯ ವಾದ ಅವರದು. ಕಾಯಿಲೆಯಿಂದ ವರ್ಣತಂತು ಕೆಟ್ಟಿತೋ, ವರ್ಣತಂತು ಕೆಟ್ಟಿದ್ದರಿಂದ ಕಾಯಿಲೆ ಬಂತೋ? ಪ್ರಶ್ನೆ ಹಾಗೆಯೇ ಉಳಿಯಿತು.

ಕಳೆದದ್ದಲ್ಲ, ಬೇರೆಡೆ ಸೇರಿದ್ದು

ಈಗ ಶಿಕಾಗೊದ ಊಟದ ಮೇಜಿಗೆ ಮರಳೋಣ.

ಜಾನೆಟ್ ರೌಲಿ 1925ರಲ್ಲಿ ಹುಟ್ಟಿದವರು. ಓದಿನಲ್ಲಿ ಎಷ್ಟು ಮುಂದು ಎಂದರೆ, 15ನೇ ವಯಸ್ಸಿಗೇ ವಿದ್ಯಾರ್ಥಿವೇತನ ಪಡೆದು ಶಿಕಾಗೊ ವಿಶ್ವವಿದ್ಯಾಲಯ ಸೇರಿದರು. ಆದರೆ ವೈದ್ಯಕೀಯ ತರಗತಿಯ 65 ಸೀಟುಗಳಲ್ಲಿ ಹೆಣ್ಣುಮಕ್ಕಳಿಗೆ ಸಿಗುತ್ತಿದ್ದುದು ಮೂರೇ ಮೂರು. ಆ ಮೂರೂ ಭರ್ತಿಯಾಗಿದ್ದರಿಂದ ತಮ್ಮ ಸರದಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. 1948ರಲ್ಲಿ ವೈದ್ಯೆಯಾದರು, ಮರುದಿನವೇ ಮದುವೆಯಾದರು. ನಾಲ್ಕು ಗಂಡುಮಕ್ಕಳು. ಮಕ್ಕಳು ಚಿಕ್ಕವರಿದ್ದಾಗ ವಾರಕ್ಕೆ ಕೆಲವೇ ದಿನ, ಬೆಳವಣಿಗೆ ನಿಧಾನವಾಗಿದ್ದ ಮಕ್ಕಳ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿದರು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೇ ವರ್ಣತಂತು ಒಂದು ಹೆಚ್ಚಿರುತ್ತದೆ ಎಂದು 1959ರಲ್ಲಿ ಗೊತ್ತಾದಾಗ ಅವರಿಗೆ ವರ್ಣತಂತುಗಳ ಮೇಲೆ ಆಸಕ್ತಿ ಹುಟ್ಟಿತು.

1970ರ ಹೊತ್ತಿಗೆ ಹೊಸ ಬಗೆಯ ಬಣ್ಣಗಳು ಬಂದವು. ಇವನ್ನು ಹಾಕಿದರೆ ಪ್ರತಿ ವರ್ಣತಂತುವಿನ ಮೇಲೂ ಪಟ್ಟೆಪಟ್ಟೆಯಾಗಿ ಗುರುತು ಕಾಣುತ್ತಿತ್ತು. ಸೀರೆಯ ಅಂಚು ನೋಡಿ ಇದು ಇಳಕಲ್, ಇದು ಮೊಳಕಾಲ್ಮೂರು ಎಂದು ಅಜ್ಜಿ ಹೇಳುವುದಿಲ್ಲವೇ? ಹಾಗೆಯೇ ಪಟ್ಟೆ ನೋಡಿ ಇದು 9, ಇದು 22 ಎಂದು ಹೇಳಬಹುದಾಯಿತು.

ರೌಲಿ ತಮ್ಮ ಮೇಜಿನ ಮೇಲೆ ಸಿ.ಎಂ.ಎಲ್. ರೋಗಿಗಳ ವರ್ಣತಂತುಗಳನ್ನು ಜೋಡಿಸಿದರು. 22ನೇದು ಗಿಡ್ಡಾಗಿತ್ತು. ಅದು ಮೊದಲೇ ಗೊತ್ತಿದ್ದದ್ದು, ಫಿಲಡೆಲ್ಫಿಯಾ ವರ್ಣತಂತು. ತುಂಡಾದ ಭಾಗ ಕಳೆದೇಹೋಗಿದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ 9ನೇ ವರ್ಣತಂತುಗಳಲ್ಲಿ ಒಂದು ಇರಬೇಕಾದ್ದಕ್ಕಿಂತ ಸ್ವಲ್ಪ ಉದ್ದವಾಗಿತ್ತು! ರೌಲಿ ಇನ್ನೊಬ್ಬ ರೋಗಿಯ ಫೋಟೊ ತೆಗೆದರು. ಅಲ್ಲೂ ಹಾಗೇ.

ಅಜ್ಜ ಮನೆಯೆಲ್ಲ ಕನ್ನಡಕ ಹುಡುಕುತ್ತಾರೆ. ಅದು ಅವರ ಹಣೆಯ ಮೇಲೇ ಇರುತ್ತದೆ. ಇಲ್ಲೂ ಅಷ್ಟೇ. 22ರ ತುಂಡು ಕಳೆದಿರಲಿಲ್ಲ, 9ರ ತುದಿಗೆ ಹೋಗಿ ಸೇರಿಕೊಂಡಿತ್ತು. 9ರ ಒಂದು ಚೂರು 22ಕ್ಕೆ ಬಂದಿತ್ತು. ಎರಡು ವರ್ಣತಂತುಗಳು ಒಂದಕ್ಕೊಂದು ತುಂಡು ಅದಲುಬದಲು ಮಾಡಿಕೊಂಡಿದ್ದವು. 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಮಾಡಿ ನೋಡಿ

ಬರೀ ಅದಲುಬದಲಾದರೆ ಏನು ತೊಂದರೆ? ಏನೂ ಕಳೆದಿಲ್ಲವಲ್ಲ? ಇದು ತಿಳಿಯಬೇಕಾದರೆ ಮಕ್ಕಳೇ, ಕಾಗದದ ಎರಡು ಪಟ್ಟಿ ತೆಗೆದುಕೊಳ್ಳಿ. ಒಂದರ ಮೇಲೆ ಹೀಗೆ ಬರೆಯಿರಿ:

ಟ್ಯಾಂಕ್ ಖಾಲಿಯಾದಾಗ ಮಾತ್ರ — ಮೋಟರ್ ಓಡಲಿ.

ಇನ್ನೊಂದರ ಮೇಲೆ:

ಹಗಲೂ ರಾತ್ರಿ — ನಂದಾದೀಪ ಉರಿಯಲಿ.

ಈಗ ಎರಡನ್ನೂ ಅಡ್ಡಗೆರೆ ಇರುವ ಜಾಗದಲ್ಲಿ ಕತ್ತರಿಸಿ, ತುಂಡುಗಳನ್ನು ಅದಲುಬದಲು ಮಾಡಿ ಅಂಟಿಸಿ. ಏನಾಯಿತು?

ಹಗಲೂ ರಾತ್ರಿ — ಮೋಟರ್ ಓಡಲಿ!

ಒಂದು ಅಕ್ಷರವೂ ಕಳೆದಿಲ್ಲ, ಒಂದೂ ಹೆಚ್ಚಾಗಿಲ್ಲ. ಆದರೂ ಟ್ಯಾಂಕ್ ತುಂಬಿ, ತಾರಸಿಯೆಲ್ಲ ನೀರಾಗಿ, ಅಜ್ಜಿ ಕೂಗಿಕೊಳ್ಳುವ ಹಾಗಾಯಿತು. ಸಿ.ಎಂ.ಎಲ್.ನಲ್ಲಿ ಆಗುವುದು ಇದೇ. 9ನೇ ವರ್ಣತಂತುವಿನಲ್ಲಿ ಎ.ಬಿ.ಎಲ್. ಎಂಬ ಜೀನ್ ಇದೆ. ಅದು ತಯಾರಿಸುವ ಪ್ರೊಟೀನ್ ಕೋಶಕ್ಕೆ ಬೆಳೆಯಲು ಹೇಳುವ ಮೋಟರ್ ಇದ್ದಂತೆ. ಬೇಕಾದಾಗ ಓಡಿ ಬೇಡವಾದಾಗ ನಿಲ್ಲುತ್ತದೆ. ತುಂಡು ಅದಲುಬದಲಾದಾಗ ಅದು 22ರಲ್ಲಿರುವ ಬಿ.ಸಿ.ಆರ್. ಎಂಬ ಜೀನಿನ ಬಾಲಕ್ಕೆ ಅಂಟಿಕೊಳ್ಳುತ್ತದೆ. ಆಗ ಹುಟ್ಟುವ ಬೆರಕೆ ಪ್ರೊಟೀನಿಗೆ ನಿಲ್ಲುವುದೇ ಗೊತ್ತಿಲ್ಲ. ಮೂಳೆಮಜ್ಜೆಯ ಒಂದು ಕೋಶದಲ್ಲಿ ಹೀಗಾದರೆ ಸಾಕು. ಅದು ಎರಡಾಗಿ, ನಾಲ್ಕಾಗಿ, ಲಕ್ಷವಾಗಿ ಬೆಳೆಯುತ್ತಲೇ ಹೋಗುತ್ತದೆ. ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000 ಬಿಳಿ ರಕ್ತಕಣಗಳಿರುತ್ತವೆ. ಈ ಕಾಯಿಲೆಯಲ್ಲಿ ಅದು ಲಕ್ಷ ದಾಟುವುದುಂಟು.

1990ರಲ್ಲಿ ವಿಜ್ಞಾನಿಗಳು ಈ ಬೆರಕೆ ಜೀನನ್ನು ಇಲಿಗಳ ಮೂಳೆಮಜ್ಜೆಗೆ ಸೇರಿಸಿ ನೋಡಿದರು. ಇಲಿಗಳಿಗೂ ಇಂಥದೇ ಕಾಯಿಲೆ ಬಂತು. ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತು: ವರ್ಣತಂತು ಕೆಟ್ಟಿದ್ದರಿಂದಲೇ ಈ ಕಾಯಿಲೆ.

ಬೀಗದ ಕಂಡಿಗೆ ಕಡ್ಡಿ

ಕಾರಣ ತಿಳಿದಮೇಲೆ ಉಪಾಯ ಹುಡುಕಬಹುದು. ಬೀಗದ ಕಂಡಿಗೆ ಬೆಂಕಿಕಡ್ಡಿ ಸಿಕ್ಕಿಸಿದರೆ ಬೀಗದ ಕೈ ಒಳಗೆ ಹೋಗುವುದಿಲ್ಲ. ಈ ಬೆರಕೆ ಪ್ರೊಟೀನಿಗೂ ಶಕ್ತಿ ಪಡೆಯುವ ಒಂದು ಕಂಡಿ ಇದೆ. ಅದಕ್ಕೆ ಸರಿಯಾಗಿ ಕೂರುವ ಕಡ್ಡಿಯಂಥ ಔಷಧ ಬೇಕಿತ್ತು. ಸ್ವಿಟ್ಜರ್ಲೆಂಡಿನ ಔಷಧ ಕಂಪನಿಯೊಂದರಲ್ಲಿ ನಿಕೊಲಸ್ ಲೈಡನ್ ಅವರ ತಂಡ ಅಂಥ ರಾಸಾಯನಿಕಗಳನ್ನು ತಯಾರಿಸಿತು. ಅಮೆರಿಕದ ಆರೆಗಾನ್‌ನಲ್ಲಿ ಡಾ. ಬ್ರಯನ್ ಡ್ರುಕರ್ ಅವನ್ನು ಪರೀಕ್ಷಿಸಿ, ಒಂದನ್ನು ಆರಿಸಿದರು. ಅದೇ ಇಮ್ಯಾಟಿನಿಬ್.

1998ರಲ್ಲಿ ರೋಗಿಗಳಿಗೆ ಕೊಟ್ಟು ನೋಡುವ ಕೆಲಸ ಶುರುವಾಯಿತು. ಬೇರೆ ಔಷಧ ನಾಟದೆ ಬಂದವರೇ ಅವರು. ತಕ್ಕ ಪ್ರಮಾಣದಲ್ಲಿ ಮಾತ್ರೆ ನುಂಗಿದ 54 ಜನರಲ್ಲಿ 53 ಜನರ ರಕ್ತಕಣಗಳ ಎಣಿಕೆ ಸಾಮಾನ್ಯ ಸ್ಥಿತಿಗೆ ಬಂತು. ವೈದ್ಯರೇ ಬೆರಗಾದರು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮುಂಚೆ ಈ ಕಾಯಿಲೆ ಬಂದ ಹೆಚ್ಚಿನವರು ಕೆಲವೇ ವರ್ಷ ಬದುಕುತ್ತಿದ್ದರು. ಮೊದಲಿಂದಲೇ ಇಮ್ಯಾಟಿನಿಬ್ ತೆಗೆದುಕೊಂಡವರನ್ನು ಹಲವು ದೇಶಗಳಲ್ಲಿ ಗಮನಿಸಿದಾಗ, 10 ವರ್ಷದ ನಂತರವೂ 100ರಲ್ಲಿ 83 ಜನ ಬದುಕಿದ್ದರು. ಫಿಲಡೆಲ್ಫಿಯಾದ ನಲ್ಲಿ ನೀರಿನಿಂದ ಈ ಮಾತ್ರೆಯವರೆಗೆ ಸುಮಾರು 40 ವರ್ಷಗಳ ದಾರಿ.

ಈ ಮಾತ್ರೆಯ ಕಥೆಯಲ್ಲಿ ನಮ್ಮ ದೇಶಕ್ಕೂ ಒಂದು ಪಾತ್ರವಿದೆ. ಕಂಪನಿಯ ಮಾತ್ರೆಗೆ ಭಾರತದಲ್ಲಿ ತಿಂಗಳಿಗೆ ಲಕ್ಷ ರೂಪಾಯಿ ಮೀರಿದ ಬೆಲೆ ಇತ್ತು. ಕಂಪನಿ ಬಹಳ ರೋಗಿಗಳಿಗೆ ಉಚಿತವಾಗಿಯೂ ಕೊಡುತ್ತಿತ್ತು. ನಮ್ಮ ದೇಶದ ಕಂಪನಿಗಳು ಅದೇ ಔಷಧವನ್ನು ಅದರ ಹತ್ತನೇ ಒಂದು ಭಾಗದಷ್ಟು ಬೆಲೆಗೆ ಮಾರುತ್ತಿದ್ದವು. ನೊವಾರ್ಟಿಸ್ ಕಂಪನಿ ತನ್ನ ಔಷಧದ ಒಂದು ಹೊಸ ರೂಪಕ್ಕೆ ಭಾರತದಲ್ಲಿ ಪೇಟೆಂಟ್ ಬೇಕೆಂದು ಕೇಳಿತು. ಸಿಕ್ಕಿದ್ದರೆ ಬೇರೆಯವರು ತಯಾರಿಸುವಂತಿರಲಿಲ್ಲ. ಹೊಸ ರೂಪ ಹಳೆಯದಕ್ಕಿಂತ ಹೆಚ್ಚು ಗುಣಕಾರಿ ಎಂದು ತೋರಿಸಿಲ್ಲ ಎಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಆ ಕೋರಿಕೆಯನ್ನು ತಳ್ಳಿಹಾಕಿತು. ಕಡಿಮೆ ಬೆಲೆಯ ಮಾತ್ರೆಗಳು ನಿಲ್ಲದೆ ಸಿಗುತ್ತಾ ಹೋದವು.

ಎಲ್ಲ ಕ್ಯಾನ್ಸರ್‌ಗೂ ಇದೇ ಕಥೆಯೇ?

ಅಲ್ಲ. ಸಿ.ಎಂ.ಎಲ್.ನಲ್ಲಿ ಮುಖ್ಯವಾಗಿ ಒಂದೇ ತಪ್ಪು, ಆದ್ದರಿಂದ ಒಂದೇ ಮಾತ್ರೆಗೆ ಬಗ್ಗಿತು. ಶ್ವಾಸಕೋಶ, ಬಾಯಿ, ಸ್ತನ, ಕರುಳಿನ ಕ್ಯಾನ್ಸರ್‌ಗಳಲ್ಲಿ ತಪ್ಪುಗಳು ಹಲವು. ಕೆಲವು ವರ್ಣತಂತು ಹೆಚ್ಚಿರುತ್ತವೆ, ಕೆಲವು ಕಾಣೆಯಾಗಿರುತ್ತವೆ, ಕೆಲವು ಚೂರಾಗಿ ಹೇಗೆಹೇಗೋ ಅಂಟಿಕೊಂಡಿರುತ್ತವೆ. ಒಂದು ಮೋಟರ್ ನಿಲ್ಲಿಸಿದರೆ ಇನ್ನೊಂದು ಓಡುತ್ತದೆ.

ಆದರೂ ವರ್ಣತಂತು ನೋಡುವುದರಿಂದ ದಾರಿ ಕಾಣುತ್ತದೆ. ಇನ್ನೊಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ 15 ಮತ್ತು 17 ಅದಲುಬದಲಾಗುತ್ತವೆ ಎಂದು ರೌಲಿ ಅವರೇ 1977ರಲ್ಲಿ ತೋರಿಸಿದರು. ಅದಕ್ಕೆ ‘ಎ’ ವಿಟಮಿನ್‌ಗೆ ಸಂಬಂಧಿಸಿದ ಒಂದು ಔಷಧ ಮತ್ತು ಪಾಷಾಣದಿಂದ ಮಾಡಿದ ಇನ್ನೊಂದು ಔಷಧ ಚೆನ್ನಾಗಿ ನಾಟುತ್ತವೆ ಎಂದು ಚೀನಾದ ವೈದ್ಯರು ಕಂಡುಕೊಂಡರು. ಹೌದು, ಅದೇ ವಿಷ! ಆಸ್ಪತ್ರೆಯಲ್ಲಿ ಅಳೆದು ಕೊಟ್ಟರೆ ಔಷಧ, ಮನೆಯಲ್ಲಿ ಯಾರೋ ಹೇಳಿದರೆಂದು ತಿಂದರೆ ಸಾವು. ಮಕ್ಕಳಲ್ಲಿ ಕಾಣುವ ಒಂದು ರಕ್ತದ ಕ್ಯಾನ್ಸರ್‌ನಲ್ಲಿ ಕೆಟ್ಟ ಕೋಶದಲ್ಲಿ 46ರ ಬದಲು 50ಕ್ಕಿಂತ ಹೆಚ್ಚು ವರ್ಣತಂತುಗಳಿದ್ದರೆ ಅದು ಒಳ್ಳೆಯ ಲಕ್ಷಣವೇ! ಅಂಥ ಮಕ್ಕಳು ಚಿಕಿತ್ಸೆಗೆ ಬೇಗ ಸ್ಪಂದಿಸುತ್ತಾರೆ. ಆದ್ದರಿಂದಲೇ ಇಂದು ರಕ್ತದ ಕ್ಯಾನ್ಸರ್ ಎಂದಾಗ ವೈದ್ಯರು ವರ್ಣತಂತು ಪರೀಕ್ಷೆ ಮಾಡಿಸುತ್ತಾರೆ. ವರದಿ ಬರಲು ಕೆಲವು ದಿನ ಹಿಡಿಯುತ್ತದೆ. ಆ ಕಾಯುವಿಕೆ ದಂಡವಲ್ಲ.

ತಪ್ಪು ಏಕಾಗುತ್ತದೆ? ಕೋಶಗಳು ದಿನವೂ ಎರಡಾಗುತ್ತಲೇ ಇರುತ್ತವೆ, ಪ್ರತಿ ಸಲವೂ ಡಿ.ಎನ್.ಎ ನಕಲಾಗಬೇಕು. ಅಷ್ಟು ನಕಲಿನಲ್ಲಿ ಎಲ್ಲೋ ಒಂದು ತಪ್ಪುವುದು ಆಕಸ್ಮಿಕ. ಕೆಲವಕ್ಕೆ ಮಾತ್ರ ಕಾರಣ ಗೊತ್ತು. ಹಿರೋಷಿಮಾ, ನಾಗಸಾಕಿಯ ಬಾಂಬಿನ ವಿಕಿರಣಕ್ಕೆ ಸಿಕ್ಕಿ ಬದುಕುಳಿದವರಲ್ಲಿ ಸಿ.ಎಂ.ಎಲ್. ಹೆಚ್ಚಾಗಿ ಕಂಡಿತು. ಇನ್ನೊಂದು ನಮ್ಮ ಮನೆಗಳಲ್ಲೇ ಇದೆ: ಹೊಗೆಸೊಪ್ಪು. ಬೀಡಿಯ ಹೊಗೆಯಾಗಲಿ, ಎಲೆಯಡಿಕೆಯ ಜೊತೆ ಅಗಿಯುವ ಹೊಗೆಸೊಪ್ಪಾಗಲಿ ಡಿ.ಎನ್.ಎಯನ್ನು ಕೆಡಿಸುತ್ತದೆ. ಅಡಿಕೆಯೂ ಬಾಯಿ ಕ್ಯಾನ್ಸರ್‌ಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಅಜ್ಜ ಅಜ್ಜಿಯರೇ, ಇದನ್ನು ಮೊಮ್ಮಕ್ಕಳು ಗಟ್ಟಿಯಾಗಿ ಓದಿದರೆ ದಯವಿಟ್ಟು ಗದರಬೇಡಿ!

ಮನೆಯಲ್ಲಿ ಕೇಳುವ ಪ್ರಶ್ನೆಗಳು

ಸಿ.ಎಂ.ಎಲ್. ಅಂಟುರೋಗವೇ? ಅಲ್ಲ. ಜೊತೆಗೆ ಕುಳಿತು ಉಣ್ಣಬಹುದು, ಮೊಮ್ಮಕ್ಕಳು ತೊಡೆಯೇರಬಹುದು.

ವಂಶಪಾರಂಪರ್ಯವೇ? ಅಲ್ಲ. ಹುಟ್ಟಿದ ಎಷ್ಟೋ ವರ್ಷಗಳ ಮೇಲೆ ಮೂಳೆಮಜ್ಜೆಯ ಒಂದು ಕೋಶದಲ್ಲಿ ಆಗುವ ತಪ್ಪು ಇದು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವುದೂ ಕಂಡಿದೆ. ಈ ಕಾಯಿಲೆಯ ನೆಪದಲ್ಲಿ ಮನೆಯ ಮಕ್ಕಳ ಮದುವೆಗೆ ಹಿಂಜರಿಯಬೇಕಿಲ್ಲ. ಆದರೆ ಸ್ತನ, ಅಂಡಾಶಯದಂಥ ಕೆಲವು ಕ್ಯಾನ್ಸರ್‌ಗಳು ಕೆಲವು ಕುಟುಂಬಗಳಲ್ಲಿ ಮರುಕಳಿಸುವುದುಂಟು. ಅಂಥಲ್ಲಿ ವೈದ್ಯರ ಸಲಹೆ ಕೇಳಬೇಕು.

ಹಿಂದೆ ಮಾಡಿದ ಪಾಪದ ಫಲವೇ? ಕಾಗದದ ಪಟ್ಟಿಗಳ ಆಟ ನೆನಪಿಸಿಕೊಳ್ಳಿ. ತಪ್ಪಾಗಿ ಅಂಟಿಕೊಂಡದ್ದು ಎರಡು ತುಂಡು. ಅದರಲ್ಲಿ ಯಾರ ಪಾಪವೂ ಇಲ್ಲ.

ಗುಣವಾದ ಹಾಗೆ ಅನಿಸಿದರೆ ಮಾತ್ರೆ ಬಿಡಬಹುದೇ? ನಾವಾಗಿಯೇ ಬಿಡಬಾರದು. ಕಡ್ಡಿ ತೆಗೆದರೆ ಬೀಗ ಮತ್ತೆ ತೆರೆದುಕೊಳ್ಳುತ್ತದೆ. ಕಣ್ಣಿನ ಸುತ್ತ ಊತ, ವಾಕರಿಕೆ, ಸ್ನಾಯು ಸೆಳೆತ ಬಂದರೂ ವೈದ್ಯರಿಗೆ ಹೇಳಬೇಕೇ ಹೊರತು ಮಾತ್ರೆ ನಿಲ್ಲಿಸಬಾರದು. ವರ್ಷಗಟ್ಟಲೆ ಪರೀಕ್ಷೆಯಲ್ಲಿ ದೋಷ ಕಾಣದ ಕೆಲವರಿಗೆ ವೈದ್ಯರೇ ನಿಗಾ ಇಟ್ಟು ಮಾತ್ರೆ ನಿಲ್ಲಿಸಿ ನೋಡುತ್ತಾರೆ. ಅದು ಅವರ ತೀರ್ಮಾನ. ಮನೆಯಲ್ಲಿ ಯಾರಾದರೂ ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮಕ್ಕಳೇ, ಹೊತ್ತಿಗೆ ಸರಿಯಾಗಿ ಒಂದು ಲೋಟ ನೀರು ತಂದುಕೊಟ್ಟು ನೆನಪಿಸುವ ಕೆಲಸ ನಿಮ್ಮದಾಗಲಿ.

ಜಾನೆಟ್ ರೌಲಿ ಇಳಿವಯಸ್ಸಿನಲ್ಲೂ ಸೈಕಲ್ ತುಳಿದು ಪ್ರಯೋಗಾಲಯಕ್ಕೆ ಹೋಗುತ್ತಿದ್ದರು. 2009ರಲ್ಲಿ, ತಮ್ಮ 84ನೇ ವಯಸ್ಸಿನಲ್ಲಿ, ಅಮೆರಿಕದ ಅಧ್ಯಕ್ಷರಿಂದ ಆ ದೇಶದ ಅತ್ಯುನ್ನತ ನಾಗರಿಕ ಗೌರವ ಪಡೆದರು. 2013ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ, ಅವರು ಊಟದ ಮೇಜಿನ ಮೇಲೆ ಕಂಡ ಅದಲುಬದಲು ಕಾರಣವಾಗಿ, ಸಾಯುತ್ತಾರೆಂದು ಮನೆಯವರು ಕೈಚೆಲ್ಲಿದ್ದ ಎಷ್ಟೋ ಜನ ತಮ್ಮ ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದರು.